ನಲ್ಲಿ ನೀರು ಮತ್ತು ‘ಕುಡಿಯಲು ಯೋಗ್ಯ’ ಎಂಬ ಷರಾ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ನಾಲ್ಕು ಪುಟಗಳ ಪತ್ರವೂ ಅದರೊಡನೆ ಲಗತ್ತಿಸಿದ್ದ ಪ್ರಯೋಗಾಲಯ ವರದಿಯ ಪ್ರತಿಯೂ ತಲುಪಿವೆ. ಪತ್ರವನ್ನು ಪೂರ್ತಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲದ್ದರಿಂದ, ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇವೆ. ಅರವತ್ತು ಸಾವಿರ ಜನರಿರುವ ನಿಮ್ಮ ನಗರದಲ್ಲಿ ನೀರು ದಿನಕ್ಕೆ ಮೂರು ಗಂಟೆ ಮಾತ್ರ ಬರುತ್ತದೆ. ನಲ್ಲಿ ತಿರುಗಿಸಿದ ಮೊದಲ ಹತ್ತು ನಿಮಿಷ ಬರುವುದು ಮಣ್ಣುಬಣ್ಣದ ನೀರು. ಕೆಲವು ದಿನ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ರಾಚುತ್ತದೆ, ಕೆಲವು ದಿನ ಅದರ ಸುಳಿವೇ ಇರುವುದಿಲ್ಲ. ದೂರು ಕೊಟ್ಟಾಗಲೆಲ್ಲ ನಗರಸಭೆಯವರು ‘ಕುಡಿಯಲು ಯೋಗ್ಯ’ ಎಂಬ ಷರಾ ಇರುವ ವರದಿಯನ್ನು ಮುಂದಿಡುತ್ತಾರೆ. ಎರಡು ಸಂಚಿಕೆಗಳ ಹಿಂದೆ ನಮ್ಮ ಪತ್ರಿಕೆಯೂ ‘ವರದಿಯಲ್ಲಿನ ಎಲ್ಲ ಅಂಶಗಳು ಮಿತಿಯೊಳಗಿದ್ದರೆ ಆತಂಕಕ್ಕೆ ಕಾರಣವಿಲ್ಲ’ ಎಂದು ಬರೆದದ್ದನ್ನು ನೆನಪಿಸಿ, ಆ ಮಾತಿಗೆ ನಾವು ಈಗಲೂ ಬದ್ಧರೇ ಎಂದು ಕೇಳಿದ್ದೀರಿ. ಮನೆಗೆ ಆರ್‌ಓ ಯಂತ್ರ ಹಾಕಿಸಬೇಕೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ.

ಬದ್ಧರಲ್ಲ. ಆ ವಾಕ್ಯ ತಪ್ಪು. ಅದನ್ನು ಅಚ್ಚಿಗೆ ಬಿಡುವ ಮುನ್ನ ನಾವು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕಿತ್ತು. ಐದು ಸಾವಿರದಿಂದ ಒಂದು ಲಕ್ಷದವರೆಗೆ ಜನಸಂಖ್ಯೆಯಿದ್ದು ಕೊಳವೆಯ ಮೂಲಕ ನೀರು ಪಡೆಯುವ ಊರುಗಳಲ್ಲಿ, ಪ್ರತಿ 5,000 ಜನರಿಗೆ ವರ್ಷಕ್ಕೆ ಕನಿಷ್ಠ 12 ಮಾದರಿಗಳಂತೆ ಮಲಮೂಲದ ಸೂಕ್ಷ್ಮಾಣುಗಳ ಪರೀಕ್ಷೆ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಊರಿಗೆ ಅದು ತಿಂಗಳಿಗೆ 12 ಮಾದರಿಗಳಾಗುತ್ತದೆ. ಒಂದೊಂದು ಪರೀಕ್ಷೆಗೂ ಬಳಕೆಯಾಗುವುದು 100 ಮಿಲಿಲೀಟರ್ ನೀರು, ಹನ್ನೆರಡೂ ಸೇರಿದರೆ 1.2 ಲೀಟರ್. ತಲೆಗೆ ದಿನಕ್ಕೆ 100 ಲೀಟರಿನಂತೆ ಹಿಡಿದರೆ ಅದೇ ತಿಂಗಳಲ್ಲಿ ನಿಮ್ಮ ಊರಿನ ಕೊಳವೆಗಳಲ್ಲಿ ಹರಿದುಹೋಗುವುದು 18 ಕೋಟಿ ಲೀಟರ್. ಎಲ್ಲವನ್ನೂ ನಿಯಮದಂತೆಯೇ ಮಾಡಿದಾಗಿನ ಲೆಕ್ಕವಿದು. ಅದರ ಮೇಲೆ, ಮಾದರಿಯಲ್ಲಿ ಮಲಮೂಲದ ಸೂಕ್ಷ್ಮಾಣುವಾದ ಇ. ಕೋಲಿ ಇದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಪ್ರಯೋಗಾಲಯದಲ್ಲಿ ಹದವಾದ ಶಾಖದಲ್ಲಿ ಸುಮಾರು ಒಂದು ದಿನ ಇಡಬೇಕಾಗುತ್ತದೆ. ಫಲಿತಾಂಶ ಬರುವ ಹೊತ್ತಿಗೆ ಆ ನೀರನ್ನು ಜನ ಕುಡಿದಾಗಿರುತ್ತದೆ. ಆದ್ದರಿಂದ ವರದಿಯಲ್ಲಿ ‘ಇಲ್ಲ’ ಎಂದಿದ್ದರೆ, ನಿನ್ನೆ ಆ ಜಾಗದಲ್ಲಿ ಆ ಹೊತ್ತಿಗೆ ಇರಲಿಲ್ಲ ಎಂದಷ್ಟೇ ಅರ್ಥ. ವರದಿ ಬೇಡವೆಂದು ಇದರಿಂದ ತಿಳಿಯಬಾರದು. ಕಾವಲು ಸರಿಯಾಗಿದೆಯೇ ಎಂದು ಆಗಾಗ ತಪಾಸಣೆ ಮಾಡುವ ಕೆಲಸಕ್ಕೆ ಅದು ಬೇಕೇ ಬೇಕು. ಕಾವಲೇ ಅದಲ್ಲ.

ನೀವು ಕಳಿಸಿದ ವರದಿಯನ್ನು ಎರಡು ಸಲ ಓದಿದೆವು. ಮಾದರಿ ತೆಗೆದ ಸ್ಥಳ ‘ಶುದ್ಧೀಕರಣ ಘಟಕದ ಹೊರಹರಿವು’ ಎಂದಿದೆ. ಅಂದರೆ ನಿಮ್ಮ ಬೀದಿಯ ಕೊಳವೆಗಳನ್ನು ಆ ನೀರು ಇನ್ನೂ ಕಂಡಿರಲಿಲ್ಲ. ‘ಉಳಿಕೆ ಕ್ಲೋರಿನ್’ ಎಂಬ ಸಾಲಿನ ಮುಂದೆ ಅಂಕಿಯೇ ಇಲ್ಲ, ಒಂದು ಅಡ್ಡಗೆರೆ ಎಳೆದಿದ್ದಾರೆ. ಇಡೀ ವರದಿಯಲ್ಲಿ ನಮ್ಮ ಕಣ್ಣು ನಿಂತದ್ದು ಆ ಅಡ್ಡಗೆರೆಯ ಮೇಲೆ.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊಳೆಯಿಂದಲೋ ಕೆರೆಯಿಂದಲೋ ಬಂದ ನೀರಿಗೆ ಆಲಮ್ (ಪಟಿಕ) ಹಾಕಿ ಕಲಕಿದಾಗ ಅದರಲ್ಲಿನ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ ತಳಕ್ಕಿಳಿಯುತ್ತವೆ. ಉಳಿದದ್ದನ್ನು ಮರಳಿನ ಹಾಸು ಹಿಡಿಯುತ್ತದೆ. ಆಮೇಲೆ ಕ್ಲೋರಿನ್ ಬೆರೆಸುತ್ತಾರೆ. ನೀರಿಗೆ ಸೇರಿದ ಕ್ಲೋರಿನ್ ಮೊದಲು ಅಲ್ಲಿರುವ ಕೊಳೆಯ ಮೇಲೆ ಖರ್ಚಾಗುತ್ತದೆ. ಕಬ್ಬಿಣ, ಅಮೋನಿಯ, ಕೊಳೆತ ಎಲೆಯ ಅಂಶ ಎಲ್ಲವೂ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಮಿಕ್ಕಿದ್ದೇ ಉಳಿಕೆ ಕ್ಲೋರಿನ್. ಘಟಕದಿಂದ ನಿಮ್ಮ ಅಡುಗೆಮನೆಯವರೆಗಿನ ದಾರಿಯಲ್ಲಿ ನೀರಿನ ಜೊತೆ ಬರುವ ಕಾವಲುಗಾರ ಅದೊಂದೇ. ನೀರು ಘಟಕ ಬಿಡುವ ಮುನ್ನ ಅರ್ಧ ಗಂಟೆಯಾದರೂ ಕ್ಲೋರಿನ್ ಸಂಪರ್ಕದಲ್ಲಿದ್ದು, ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಉಳಿದಿರಬೇಕು. ಕೊನೆಯ ನಲ್ಲಿಯಲ್ಲೂ 0.2 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಕೊನೆಯ ನಲ್ಲಿಯಲ್ಲಿ ಇದ್ದಕ್ಕಿದ್ದಂತೆ ಅದು ಸೊನ್ನೆಯಾಯಿತೆಂದರೆ ಒಂದೋ ಘಟಕದಲ್ಲಿ ಕ್ಲೋರಿನ್ ಹಾಕಿಲ್ಲ, ಇಲ್ಲವೇ ದಾರಿಯಲ್ಲಿ ಎಲ್ಲೋ ಕೊಳೆ ಸೇರಿ ಅದನ್ನು ತಿಂದುಹಾಕಿದೆ. ಇವೆರಡರಲ್ಲಿ ಒಂದು ನಡೆದಿದೆಯೆಂಬುದನ್ನು ಉಳಿಕೆ ಕ್ಲೋರಿನ್ನಿನ ಪರೀಕ್ಷೆ ಎರಡು ನಿಮಿಷದಲ್ಲಿ ಹೇಳುತ್ತದೆ. ಹತ್ತು ಮಿಲಿಲೀಟರ್ ನೀರನ್ನು ಪುಟ್ಟ ಗಾಜಿನ ಕೊಳವೆಗೆ ತುಂಬಿ ಡಿಪಿಡಿ ಎಂಬ ಮಾತ್ರೆಯನ್ನು ಪುಡಿಮಾಡಿ ಹಾಕಿದರೆ, ಕ್ಲೋರಿನ್ ಇದ್ದಷ್ಟೂ ನೀರು ಗುಲಾಬಿಯಾಗುತ್ತದೆ. ಪಕ್ಕದ ಬಣ್ಣಪಟ್ಟಿಗೆ ಹೋಲಿಸಿ ಅಂಕಿಯನ್ನು ಓದಿಕೊಳ್ಳಬೇಕು. ಬಣ್ಣವೇ ಬರದಿದ್ದರೆ ಆ ದಿನದ ನೀರನ್ನು ಕುದಿಸದೆ ಕುಡಿಯಬಾರದು.

ವಾಸನೆಯ ಬಗ್ಗೆ ನೀವು ತೋರಿದ ಅಸಮಾಧಾನವನ್ನು ಇಲ್ಲಿಯೇ ತಿದ್ದಬೇಕೆನಿಸುತ್ತದೆ. ಕೆಲವರ ಮೂಗು, ನಾಲಿಗೆಗಳು ಲೀಟರಿಗೆ 0.3 ಮಿಲಿಗ್ರಾಂ ಕ್ಲೋರಿನ್ನನ್ನೂ ಹಿಡಿಯಬಲ್ಲವು. ಆರೋಗ್ಯದ ದೃಷ್ಟಿಯಿಂದ ನಿಗದಿಯಾಗಿರುವ ಮಿತಿ 5 ಮಿಲಿಗ್ರಾಂ. ಕ್ಲೋರಿನ್ ಸಾವಯವ ಕೊಳೆಯೊಡನೆ ಸೇರಿ ಕೆಲವು ಅನಪೇಕ್ಷಿತ ಸಂಯುಕ್ತಗಳನ್ನು ಉಂಟುಮಾಡುವುದು ನಿಜ. ಅವುಗಳನ್ನು ತಗ್ಗಿಸುವ ದಾರಿಯೆಂದರೆ ಕ್ಲೋರಿನ್ ಬೆರೆಸುವ ಮೊದಲೇ ನೀರನ್ನು ಚೆನ್ನಾಗಿ ಸೋಸುವುದು. ಕ್ಲೋರಿನ್ನನ್ನೇ ಕೈಬಿಟ್ಟರೆ ಏನಾಗಬಹುದೆಂಬುದನ್ನು ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ತೋರಿಸಿಕೊಟ್ಟಿದೆ. ತಮ್ಮದು ಶುದ್ಧ ಅಂತರ್ಜಲವೆಂಬ ನಂಬಿಕೆಯಿಂದ ಸಂಸ್ಕರಿಸದೆಯೇ ನೀರು ಕೊಡುತ್ತಿದ್ದ, ಸುಮಾರು 14,000 ಜನರ ಆ ಊರಿನಲ್ಲಿ 2016ರ ಆಗಸ್ಟ್‌ನ ಒಂದು ಜಡಿಮಳೆಯ ನಂತರ ಕುರಿಗಳ ಹಿಕ್ಕೆಯ ಸೋಂಕು ಕೊಳವೆಬಾವಿಗೆ ಇಳಿದು 5,000ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಆದ್ದರಿಂದ ನಿಮ್ಮ ದೂರಿನಲ್ಲಿ ನಮ್ಮನ್ನು ಕಾಡುವುದು ವಾಸನೆಯಿರುವ ದಿನಗಳಲ್ಲ, ಅದರ ಸುಳಿವೇ ಇಲ್ಲದ ದಿನಗಳು.

ಇನ್ನು ಕ್ಲೋರಿನ್ನಿನ ಅಳತೆಯನ್ನು ದಿನದಿನವೂ ಬರೆದಿಡುವ ನಗರಸಭೆಯ ದಿನವಹಿಯ ವಿಷಯ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಎಂಬ ಊರಿದೆ, ಐದು ಸಾವಿರವೂ ತುಂಬದ ಜನಸಂಖ್ಯೆ. 2000ದ ಮೇ ತಿಂಗಳಲ್ಲಿ ಭಾರಿ ಮಳೆ ಸುರಿದು, ಪಕ್ಕದ ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದ ಸೋಂಕು ಊರಿನ ಆಳವಿಲ್ಲದ ಬಾವಿಯೊಂದಕ್ಕೆ ಇಳಿಯಿತು. ಕ್ಲೋರಿನ್ ಸಾಕಷ್ಟು ಇರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. ಪ್ರಯೋಗಾಲಯದಿಂದ ಕೆಟ್ಟ ವರದಿ ಬಂದ ಮೇಲೂ ನೀರು ಸರಿಯಾಗಿದೆಯೆಂದು ಆರೋಗ್ಯ ಇಲಾಖೆಗೆ ಭರವಸೆ ಕೊಡಲಾಗಿತ್ತು. ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣೆಯಲ್ಲಿ ಹೊರಬಂದ ಒಂದು ವಿವರ ಮರೆಯುವಂಥದ್ದಲ್ಲ: ಪಂಪ್‌ಮನೆಯ ದಿನವಹಿಯಲ್ಲಿ ಕ್ಲೋರಿನ್ನಿನ ಅಂಕಿಯನ್ನು ಅಳತೆ ಮಾಡದೆಯೇ 0.5 ಅಥವಾ 0.75 ಎಂದು ಬರೆದುಕೊಂಡು ಬರಲಾಗುತ್ತಿತ್ತು. ನಿಜವಾದ ಅಳತೆ ಹಾಗೆ ಒಂದೇ ಸಮನೆ ಇರುವುದಿಲ್ಲ. ಮಳೆ ಬಂದರೆ ಇಳಿಯುತ್ತದೆ, ಕ್ಲೋರಿನ್ ಸಿಲಿಂಡರು ಬದಲಿಸಿದ ದಿನ ಏರುತ್ತದೆ. ನೀವು ನಗರಸಭೆಗೆ ಹೋಗಿ ದಿನವಹಿಯನ್ನು ನೋಡಿದಾಗ ತಿಂಗಳುಗಟ್ಟಲೆ ಒಂದೇ ಅಂಕಿ, ಒಂದೇ ಪೆನ್ನಿನ ಶಾಯಿಯಲ್ಲಿ ಕಂಡರೆ, ಅದನ್ನು ಕೆಟ್ಟ ಅಂಕಿಗಿಂತಲೂ ಕೆಟ್ಟ ಸುದ್ದಿಯೆಂದು ತಿಳಿಯಿರಿ. 0.6, 0.4, 0.1, ‘ಡೋಸಿಂಗ್ ಪಂಪ್ ಕೆಟ್ಟಿದೆ’ ಎಂದು ಬರೆದಿಟ್ಟ ನೌಕರ ತನ್ನ ಕೆಲಸ ಮಾಡಿದ್ದಾನೆ.

ಹಾಗೆಂದು ನೌಕರರನ್ನೇ ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ದೊಡ್ಡ ನಗರಗಳಲ್ಲಿ ಈ ಕೆಲಸಕ್ಕೆಂದೇ ಪ್ರಯೋಗಾಲಯ, ಪಾಳಿಯ ಸಿಬ್ಬಂದಿ, ತಾನೇ ಅಳೆಯುವ ಉಪಕರಣಗಳು ಇರುತ್ತವೆ. ಸಣ್ಣ ನಗರದಲ್ಲಿ ವಾಲ್ವ್ ತಿರುಗಿಸುವ ಕೈ, ಒಡೆದ ಕೊಳವೆ ಜೋಡಿಸುವ ಕೈ, ಕ್ಲೋರಿನ್ ಅಳೆಯುವ ಕೈ ಒಂದೇ ಆಗಿರುವುದುಂಟು. ಆ ಒಬ್ಬರು ರಜೆ ಹಾಕಿದ ದಿನ ಅಳೆಯುವವರು ಯಾರು ಎಂಬ ಪ್ರಶ್ನೆಯನ್ನು ನಗರಸಭೆಯ ಮುಂದಿಡುವುದು, ವರದಿಯ ಇನ್ನೊಂದು ಪ್ರತಿ ಕೇಳುವುದಕ್ಕಿಂತ ಪ್ರಯೋಜನಕಾರಿ.

ಮೊದಲ ಹತ್ತು ನಿಮಿಷದ ಮಣ್ಣುನೀರಿಗೆ ಬರೋಣ. ಕೊಳವೆಯಲ್ಲಿ ಸದಾ ಒತ್ತಡವಿದ್ದರೆ, ಬಿರುಕಿದ್ದರೂ ನೀರು ಒಳಗಿನಿಂದ ಹೊರಕ್ಕೆ ಸೋರುತ್ತದೆ, ನಷ್ಟವಾಗುತ್ತದೆ, ಅಪಾಯವಿಲ್ಲ. ಸರಬರಾಜು ನಿಂತ ಇಪ್ಪತ್ತೊಂದು ಗಂಟೆಗಳಲ್ಲಿ ಪರಿಸ್ಥಿತಿ ತಿರುವುಮುರುವಾಗುತ್ತದೆ. ತಗ್ಗಿನಲ್ಲಿರುವ ಮನೆಗಳು ಕೊಳವೆಯಲ್ಲಿ ಉಳಿದ ನೀರನ್ನು ಎಳೆದುಕೊಂಡಂತೆ ಎತ್ತರದ ಭಾಗದಲ್ಲಿ ಕೊಳವೆಯೊಳಗಿನ ಒತ್ತಡ ಕುಸಿದು, ಅದೇ ಬಿರುಕಿನಿಂದ ಸುತ್ತಲಿನ ಕೆಸರು ಒಳಗೆ ಬರುತ್ತದೆ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಬರುವುದು ಕೆಸರಷ್ಟೇ ಅಲ್ಲ. ಕೆಲವರು ಕೊಳವೆಗೆ ನೇರವಾಗಿ ಮೋಟಾರು ಹಚ್ಚಿ ನೀರೆಳೆಯುವುದು ಈ ಹೀರುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮರುದಿನ ನೀರು ಬಿಟ್ಟಾಗ ಮುನ್ನುಗ್ಗುವ ಮೊದಲ ಹರಿವು ಅದನ್ನೆಲ್ಲ ಹೊತ್ತು ನಿಮ್ಮ ನಲ್ಲಿಗೆ ತರುತ್ತದೆ. ನಗರಸಭೆಯವರು ‘ಹಳೆಯ ಕೊಳವೆಯ ತುಕ್ಕು’ ಎಂದು ಹೇಳಿರುವುದು ಭಾಗಶಃ ನಿಜವಿರಬಹುದು, ಆದರೆ ಬರಿಗಣ್ಣಿನಿಂದ ತುಕ್ಕನ್ನೂ ಚರಂಡಿಯ ರಾಡಿಯನ್ನೂ ಬೇರ್ಪಡಿಸಲು ಯಾರಿಗೂ ಆಗದು. ಆ ಹತ್ತು ನಿಮಿಷದ ನೀರನ್ನು ಗಿಡಕ್ಕೆ, ನೆಲ ಒರೆಸಲಿಕ್ಕೆ ಬಳಸಿ, ತೊಟ್ಟಿಗೆ ಬಿಡಬೇಡಿ. ಮಾದರಿ ತೆಗೆಸುವುದಿದ್ದರೆ ಆ ನೀರಿನದ್ದನ್ನೇ ತೆಗೆಸಿ.

ಕೊಳವೆಯ ತಪ್ಪು ಎಷ್ಟು ದೂರ ಹೋಗಬಹುದೆಂಬುದಕ್ಕೆ ಫಿನ್ಲೆಂಡಿನ ನೋಕಿಯಾ ಉದಾಹರಣೆ. ಮೊಬೈಲ್ ಕಂಪನಿಗೆ ಹೆಸರು ಕೊಟ್ಟ ಊರೇ ಅದು. 2007ರ ನವೆಂಬರ್ ಕೊನೆಯಲ್ಲಿ ಅಲ್ಲಿನ ಕೊಳಚೆ ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿದ ಕೊಳಚೆನೀರಿನ ಕೊಳವೆಗೂ ಕುಡಿಯುವ ನೀರಿನ ಕೊಳವೆಗೂ ನಡುವೆ ಇದ್ದ, ಇರಲೇಬಾರದಾಗಿದ್ದ ಒಂದು ವಾಲ್ವ್ ತೆರೆದುಕೊಂಡು, ಎರಡು ದಿನ ಹಾಗೆಯೇ ಉಳಿಯಿತು. ಸುಮಾರು ಮೂವತ್ತು ಸಾವಿರ ಜನರ ಊರಿನಲ್ಲಿ ಸಾವಿರಾರು ಮಂದಿಗೆ ವಾಂತಿ ಭೇದಿ ಹಿಡಿಯಿತು. ಕುಡಿಯುವ ನೀರಿನ ಘಟಕದಿಂದ ಹೊರಟ ನೀರಿನಲ್ಲಿ ದೋಷವೇನೂ ಇರಲಿಲ್ಲ.

ಬಣ್ಣ, ರುಚಿಗಳ ಮೇಲೆ ಅತಿಯಾಗಿ ಅವಲಂಬಿಸಬೇಡಿ. ನೀವು ಹಾಲಿನಂಥ ನೀರು ಬಂತೆಂದು ಹೆದರಿ ಇಡೀ ಕೊಡವನ್ನು ಚೆಲ್ಲಿದ್ದಾಗಿ ಬರೆದಿದ್ದೀರಿ. ಮುಂದಿನ ಸಲ ಒಂದು ಗಾಜಿನ ಲೋಟಕ್ಕೆ ಹಿಡಿದು ಎರಡು ನಿಮಿಷ ಕಾಯಿರಿ. ಬಿಳುಪು ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಒತ್ತಡದಲ್ಲಿ ಸೇರಿಕೊಂಡ ಗಾಳಿಯ ಗುಳ್ಳೆ, ನಿರಪಾಯಕಾರಿ. ತಳದಲ್ಲಿ ಏನಾದರೂ ಕೂತರೆ ಮಾತು ಬೇರೆ. ಅದೇ ಸೀಸ, ಆರ್ಸೆನಿಕ್, ನೈಟ್ರೇಟ್‌ಗಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕುದಿಸಿದರೆ ಸೂಕ್ಷ್ಮಾಣುಗಳು ಸಾಯುತ್ತವೆ, ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇವುಗಳ ಸಾಂದ್ರತೆ ಹೆಚ್ಚುತ್ತದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್‌ನಲ್ಲಿ ನೀರಿನ ಮೂಲವನ್ನು ನದಿಗೆ ಬದಲಿಸಿ, ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸದೆ ಬಿಟ್ಟಾಗ ಹಳೆಯ ಕೊಳವೆಗಳ ಸೀಸ ಮನೆಮನೆಯ ನೀರಿಗೆ ಇಳಿಯಿತು. ಇಂಥ ರಾಸಾಯನಿಕಗಳ ವಿಷಯದಲ್ಲಿ ಮಾತ್ರ ಪ್ರಯೋಗಾಲಯದ ವರದಿಯೇ ಗತಿ. ಮೂಲ ಬದಲಾದಾಗಲೆಲ್ಲ ಅದನ್ನು ಹೊಸದಾಗಿ ಮಾಡಿಸಬೇಕು.

ಆರ್‌ಓ ಯಂತ್ರದ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ನಿಮ್ಮ ವರದಿಯಲ್ಲಿ ಕರಗಿದ ಲವಣಾಂಶ ಲೀಟರಿಗೆ 280 ಮಿಲಿಗ್ರಾಂ ಇದೆ. 600ರ ಒಳಗಿನದು ಕುಡಿಯಲು ಹಿತವೆಂದೇ ಲೆಕ್ಕ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಮೂರೂ ಮಿತಿಗಿಂತ ಬಹಳ ಕೆಳಗಿವೆ. ಲವಣ ತೆಗೆಯುವ ಯಂತ್ರಕ್ಕೆ ನಿಮ್ಮ ನೀರಿನಲ್ಲಿ ಕೆಲಸವಿಲ್ಲ, ಸುಮ್ಮನೆ ಒಂದಷ್ಟು ನೀರು ಮೋರಿಗೆ ಹೋಗುತ್ತದೆ. ಮಾರಾಟಗಾರರು ನಿಮ್ಮ ಮುಂದೆ ಟಿಡಿಎಸ್ (ಕರಗಿದ ಲವಣಾಂಶ) ಮೀಟರ್ ಅದ್ದಿ ತೋರಿಸಿದ ಅಂಕಿ ಲವಣದ್ದೇ ಹೊರತು ರೋಗಾಣುವಿನದಲ್ಲ. ಚರಂಡಿ ಹನಿ ಬಿದ್ದ ಮಳೆನೀರಿನಲ್ಲೂ ಆ ಮೀಟರ್ ಸೊಗಸಾದ ಅಂಕಿಯನ್ನೇ ತೋರಿಸೀತು. ನಿಮ್ಮ ತೊಂದರೆ ಸೂಕ್ಷ್ಮಾಣುವಿನದಾದ್ದರಿಂದ ಸೋಸಿ, ಕೊತಕೊತ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಕುಡಿಯುವುದು ಸದ್ಯಕ್ಕೆ ಸಾಕು.

ಈ ಪತ್ರಿಕೆ ನಿಮ್ಮ ಕೈಸೇರಿದ ಮೇಲೆ ಒಂದು ಡಿಪಿಡಿ ಪೆಟ್ಟಿಗೆ ಕೊಂಡು, ಹದಿನೈದು ದಿನ ನಿಮ್ಮ ಮನೆಯಲ್ಲೂ ನಿಮ್ಮ ಕೊಳವೆ ಸಾಲಿನ ಕಟ್ಟಕಡೆಯ ಮನೆಯಲ್ಲೂ ನೀರು ಬಂದ ಕೂಡಲೇ ಒಮ್ಮೆ, ನಿಲ್ಲುವ ಮುನ್ನ ಒಮ್ಮೆ ಅಳೆದು, ಮಳೆ ಬಂದಿತ್ತೇ ಎಂಬುದರ ಸಹಿತ ಬರೆದಿಡಿ. ಆಮೇಲೆ ಅದೇ ಹದಿನೈದು ದಿನಗಳ ಘಟಕದ ದಿನವಹಿಯ ನಕಲನ್ನು ನಗರಸಭೆಯಿಂದ ಕೇಳಿ ಪಡೆಯಿರಿ. ಎರಡನ್ನೂ ನಮಗೆ ಕಳಿಸಿಕೊಟ್ಟರೆ ಅಕ್ಕಪಕ್ಕದ ಅಂಕಣಗಳಲ್ಲಿ ಅಚ್ಚು ಮಾಡುತ್ತೇವೆ. ನಗರಸಭೆಯ ಉತ್ತರ ಬಂದರೆ ಅದನ್ನೂ ಅಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇವೆ. ನಮ್ಮ ಹಿಂದಿನ ಲೇಖನದ ತಿದ್ದುಪಡಿ ಈ ಸಂಚಿಕೆಯ ಮೊದಲ ಪುಟದಲ್ಲೇ ಇದೆ.

— ಸಂಪಾದಕ