ಬಿದ್ದ ಮಿನಾರು ಮತ್ತೆ ಕಟ್ಟಬೇಕೇ?

ಪ್ರಶ್ನೆ: ಸರ್, ನಮ್ಮ ಮಹಮೂದ್ ಗವಾನ್ ಮದರಸಾದಲ್ಲಿ ಒಂದೇ ಮಿನಾರು ಉಳಿದಿದೆ. ಇನ್ನೊಂದನ್ನೂ ಕಟ್ಟಿ, ಗೋಡೆಗೆಲ್ಲ ಹೊಸ ಟೈಲ್ಸ್ ಹಾಕಿದರೆ ಜನ ಜಾಸ್ತಿ ಬರುತ್ತಾರೆ ಅಲ್ವಾ?
– ಬೀದರ್ ಓದುಗರು

ಉತ್ತರ: ಇದೇ ಪ್ರಶ್ನೆ ಎಷ್ಟು ಸಲ! ಬಹಮನಿ ಮಂತ್ರಿ ಗವಾನ್ ಈ ಮದರಸಾ ಕಟ್ಟಿಸಿದ್ದು 1472ರಲ್ಲಿ. 1696ರಲ್ಲಿ ಒಳಗಿದ್ದ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ದೊಡ್ಡ ಪಾಲು ಹಾರಿಹೋಯಿತು, ಜೊತೆಗೆ ಆ ಮಿನಾರೂ. ‘ಉಳಿದದ್ದನ್ನು ನೋಡಿಕೊಂಡು ಕಟ್ಟಿ’ ಎನ್ನಬಹುದು ನೀವು. ಆಕಾರವೇನೋ ಸಿಕ್ಕೀತು. ಟೈಲ್ಸ್ ಮೇಲಿನ ಅಕ್ಷರ ಬರೆದವನ ಕೈ ಎಲ್ಲಿಂದ ತರುತ್ತೀರಿ? ಆ ನೀಲಿ? ಅಲ್ಲಿಂದ ಮುಂದೆ ಎಲ್ಲ ಗುತ್ತಿಗೆದಾರನ ಊಹೆ. ಊಹೆ ಶುರುವಾದಲ್ಲಿ ಕೆಲಸ ನಿಲ್ಲಬೇಕು ಎಂದು ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಸನ್ನದು ಹೇಳಿಬಿಟ್ಟಿದೆ. ಆ ಸ್ಫೋಟವೂ ಕಟ್ಟಡದ ಚರಿತ್ರೆಯೇ. ಅದನ್ನು ಅಳಿಸಲು ನಾವ್ಯಾರು?

ಹಾಗಾದರೆ ಸುಮ್ನೆ ಕೂರಬೇಕಾ? ಇಲ್ಲ. ಉಳಿದ ಮಿನಾರಿನ ಹತ್ತಿರ ಹೋಗಿ ಅಂಕುಡೊಂಕು ಪಟ್ಟಿಗಳನ್ನು ನೋಡಿ. ಒಂದು ಟೈಲ್ಸ್ ಚೂರು ಉಳಿದಿರುತ್ತದೆ, ಪಕ್ಕದ್ದು ಉದುರಿರುತ್ತದೆ. ಆ ಒಡೆದ ಅಂಚಿನಲ್ಲೇ ಮಳೆನೀರು ಹಿಂದಕ್ಕೆ ಇಳಿಯುವುದು. ಅಂಚಿನುದ್ದಕ್ಕೂ ಸಣ್ಣಗೆ ಸುಣ್ಣದ ಗಾರೆ ಕಟ್ಟಬೇಕು. ನಾಳೆ ನಮಗಿಂತ ಬಲ್ಲವರು ಬಂದರೆ, ಹಳೆಯದಕ್ಕೆ ಪೆಟ್ಟಾಗದಂತೆ ಅದನ್ನು ತೆಗೆಯಲೂ ಬರಬೇಕು. ಕಲ್ಲು ಬದಲಿಸಲೇಬೇಕಾದರೆ ದೂರದಿಂದ ಕಣ್ಣಿಗೆ ಚುಚ್ಚಬಾರದು, ಹತ್ತಿರ ಹೋದರೆ ಹೊಸದೆಂದು ತಿಳಿಯಬೇಕು. ಇದಕ್ಕೆ ಉದ್ಘಾಟನೆ ಇಲ್ಲ, ಫಲಕ ಇಲ್ಲ. ಅದಕ್ಕೇ ಯಾರಿಗೂ ಬೇಡ.

ಪ್ರಶ್ನೆ: ಅಜ್ಜನ ಕಾಲದ ಮನೆ, ಗೋಡೆ ಉಪ್ಪು ಬಿಡುತ್ತಿದೆ. ಸಿಮೆಂಟ್ ಗಿಲಾವು ಮಾಡಿಸಲೇ? ಗಾರೆಗೆ ಮೊಟ್ಟೆ, ಬೆಲ್ಲ ಹಾಕಬೇಕಂತೆ, ನಿಜವೇ?
– ಯಾದಗಿರಿ ಓದುಗರು

ಉತ್ತರ: ಸಿಮೆಂಟ್ ಬೇಡವೇ ಬೇಡ. ಸುಣ್ಣದ ಗೋಡೆಯ ತೇವ ಹೊರಗೆ ಆರಬೇಕು. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ, ಆಮೇಲೆ ಕಲ್ಲೇ ಪುಡಿಪುಡಿ. ಮೊದಲು ಮಾಳಿಗೆ ಸೋರುವುದನ್ನು ನಿಲ್ಲಿಸಿ. ಮೊಟ್ಟೆ ಬೆಲ್ಲದ ಮಾತು ಆಮೇಲೆ, ಮೊದಲು ಸುಣ್ಣವನ್ನು ಚೆನ್ನಾಗಿ ಅರಳಿಸುವ ಮೇಸ್ತ್ರಿಯನ್ನು ಹುಡುಕಿ.

ಪ್ರಶ್ನೆ: ಊರಾಚೆಯ ಗುಮ್ಮಟದ ಕೆಳಗೆ ನಿಧಿ ಇದೆ ಎಂದು ಒಬ್ಬರು ಅಂಜನ ಹಾಕಿ ಹೇಳಿದ್ದಾರೆ, ಮುಂಗಡ ಕೇಳುತ್ತಿದ್ದಾರೆ. ಅಗೆಯಬಹುದೇ?
– ಕಲಬುರಗಿ ಓದುಗರು

ಉತ್ತರ: ನಿಧಿ ಕಾಣುವವನಿಗೆ ನಿಮ್ಮ ಮುಂಗಡ ಯಾಕೆ ಬೇಕು? ಪೊಲೀಸರಿಗೆ ಹೇಳಿ.

ಪ್ರಶ್ನೆ: ಕೇಂದ್ರದ ಸಂರಕ್ಷಿತ ಸ್ಮಾರಕದಿಂದ ನಮ್ಮ ಜಾಗ 80 ಮೀಟರ್ ದೂರ. ಏಜೆಂಟರು ‘ಮನೆ ಕಟ್ಟಿಬಿಡಿ, ನೋಡಿಕೊಳ್ಳೋಣ’ ಎನ್ನುತ್ತಾರೆ.
– ಬೀದರ್ ಓದುಗರು

ಉತ್ತರ: 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಯ 200 ಮೀಟರಿನಲ್ಲೂ ಅನುಮತಿ ಬೇಕು. ನೋಟಿಸ್ ಬರುವುದು ನಿಮ್ಮ ಹೆಸರಿಗೆ, ಏಜೆಂಟರ ಹೆಸರಿಗಲ್ಲ.