ಶುಗರ್ ರಿಪೋರ್ಟ್‌ನಲ್ಲಿರುವ ಎಚ್‌ಪಿಎಲ್‌ಸಿ ಯಾವ ಬಗೆಯ ಕ್ರೊಮ್ಯಾಟೊಗ್ರಫಿ?

ನಿಮ್ಮ ತಂದೆಯವರ ಎಚ್‌ಬಿಎ1ಸಿ (ರಕ್ತದಲ್ಲಿ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಎಷ್ಟು ಪಾಲು ಎಂದು ಹೇಳುವ ಪರೀಕ್ಷೆ) ರಿಪೋರ್ಟ್‌ನಲ್ಲಿ 'ವಿಧಾನ: ಎಚ್‌ಪಿಎಲ್‌ಸಿ' ಅಂತಿದೆ, ನಿಮ್ಮ ಬಿಎಸ್ಸಿ ಪುಸ್ತಕದಲ್ಲಿ ಕ್ರೊಮ್ಯಾಟೊಗ್ರಫಿಯ (ಮಿಶ್ರಣದಲ್ಲಿರುವುದನ್ನು ಬೇರೆಬೇರೆ ಮಾಡುವ ವಿಧಾನ) ನಾಲ್ಕೈದು ಬಗೆ ಇದೆ, ಇದು ಅದರಲ್ಲಿ ಯಾವುದು ಎಂದು ಕೇಳಿದ್ದೀರಿ. ಎಚ್‌ಪಿಎಲ್‌ಸಿ ಎಂದರೆ ಹೈ ಪರ್ಫಾರ್ಮೆನ್ಸ್ (ಅಥವಾ ಹೈ ಪ್ರೆಶರ್) ಲಿಕ್ವಿಡ್ ಕ್ರೊಮ್ಯಾಟೊಗ್ರಫಿ. ಆ ಹೆಸರಿನಿಂದ ಬಗೆ ಗೊತ್ತಾಗುವುದಿಲ್ಲ. ಪಂಪ್ ಹಾಕಿ ಹೆಚ್ಚು ಒತ್ತಡದಲ್ಲಿ ದ್ರವವನ್ನು ಕಾಲಂ (ಪುಡಿ ತುಂಬಿದ ಕೊಳವೆ) ಒಳಗೆ ಹರಿಸುತ್ತಾರೆ ಎಂದಷ್ಟೇ ಅದರ ಅರ್ಥ. ಯಾವುದು ಮೊದಲು ಹೊರಬರುತ್ತದೆ, ಯಾವುದು ತಡ ಎನ್ನುವುದು ಕಾಲಂನಲ್ಲಿ ತುಂಬಿರುವ ಪುಡಿಯ ಮೇಲೆ, ಹರಿಸುವ ದ್ರವದ ಮೇಲೆ ನಿಂತಿದೆ.

ನಾನು ಔಷಧಿ ಕಂಪನಿಯ ಲ್ಯಾಬ್‌ನವನು. ನಮ್ಮಲ್ಲಿ ಬಹುತೇಕ ರಿವರ್ಸ್ ಫೇಸ್. ಸಿಲಿಕಾ ಕಣಗಳಿಗೆ 18 ಕಾರ್ಬನ್‌ಗಳ ಸರಪಳಿ ಅಂಟಿಸಿರುತ್ತಾರೆ, ಅದಕ್ಕೇ ಸಿ18 ಕಾಲಂ ಎನ್ನುತ್ತೇವೆ. ಪ್ಯಾರಾಸಿಟಮಾಲ್, ಇಬುಪ್ರೊಫೆನ್ ಎರಡೂ ಇರುವ ಮಾತ್ರೆಯನ್ನು ಕರಗಿಸಿ ಬಿಟ್ಟರೆ, ನೀರಿಗೆ ಒಗ್ಗುವ ಪ್ಯಾರಾಸಿಟಮಾಲ್ ಬೇಗ ಬರುತ್ತದೆ. ಜಿಡ್ಡಿನ ಸ್ವಭಾವದ ಇಬುಪ್ರೊಫೆನ್ ಸರಪಳಿಗೆ ಅಂಟಿಕೊಂಡು ತಡಮಾಡುತ್ತದೆ. ನೀರಿಗೆ ಮೆಥನಾಲ್ ಜಾಸ್ತಿ ಸೇರಿಸಿ, ಅದೂ ಬೇಗ ಬರುತ್ತದೆ. ನಾರ್ಮಲ್ ಫೇಸ್ ಇದರ ತದ್ವಿರುದ್ಧ: ಬರೀ ಸಿಲಿಕಾ, ಹೆಕ್ಸೇನ್‌ನಂಥ ದ್ರವ. ಸೈಜ್ ಎಕ್ಸ್‌ಕ್ಲೂಷನ್‌ನಲ್ಲಿ ಅಂಟುವ ಮಾತೇ ಇಲ್ಲ. ಚಿಕ್ಕ ಅಣುಗಳು ಕಣಗಳ ರಂಧ್ರಗಳೊಳಗೆ ಹೊಕ್ಕು ತಡವಾಗುತ್ತವೆ, ದೊಡ್ಡವು ಹೊಗಲಾರದೆ ಮೊದಲೇ ಹೊರಬರುತ್ತವೆ. ಪರೀಕ್ಷೆಯಲ್ಲಿ ಬಹಳ ಜನ ಇದನ್ನು ಉಲ್ಟಾ ಬರೆಯುತ್ತಾರೆ!

ಈಗ ಶುಗರ್ ವಿಷಯ. ಆ ರಿಪೋರ್ಟ್‌ನ ಎಚ್‌ಪಿಎಲ್‌ಸಿ ಸಾಮಾನ್ಯವಾಗಿ ಅಯಾನ್ ಎಕ್ಸ್‌ಚೇಂಜ್. ಕಾಲಂನ ಪುಡಿಗೆ ನೆಗೆಟಿವ್ ಚಾರ್ಜ್ ಇರುತ್ತದೆ, ಹಿಮೋಗ್ಲೋಬಿನ್‌ನ ಪಾಸಿಟಿವ್ ಚಾರ್ಜನ್ನು ಅದು ಹಿಡಿಯುತ್ತದೆ. ಗ್ಲೂಕೋಸ್ ಹೋಗಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ತುದಿಗೆ ಕೂತರೆ ಅಲ್ಲಿನ ಪಾಸಿಟಿವ್ ಚಾರ್ಜ್ ತಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಮೊದಲು ಹೊರಬರುತ್ತದೆ. ಆಮೇಲೆ ದ್ರವದಲ್ಲಿ ಉಪ್ಪು ಹೆಚ್ಚಿಸುತ್ತಾ ಹೋದಂತೆ ಉಳಿದ ಹಿಮೋಗ್ಲೋಬಿನ್ ಬಿಡುತ್ತದೆ. ಸಕ್ಕರೆ ಅಂಟಿದ್ದರ ಪೀಕ್ (ಹೊರಬಂದಾಗ ಗ್ರಾಫ್‌ನಲ್ಲಿ ಮೂಡುವ ಏರು) ಒಟ್ಟಿನಲ್ಲಿ ಎಷ್ಟು ಪಾಲು ಎನ್ನುವುದರಿಂದಲೇ ಆ ಶೇಕಡಾ ಅಂಕಿ ಸಿಗುವುದು.

ಇದೇ ಪರೀಕ್ಷೆಗೆ ಬೋರೊನೇಟ್ ಅಫಿನಿಟಿ ಕಾಲಂ ಕೂಡ ಇದೆ. ಅದು ಚಾರ್ಜ್ ನೋಡುವುದಿಲ್ಲ, ಅಂಟಿರುವ ಸಕ್ಕರೆಯನ್ನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಅಲ್ಲಿ ಸಕ್ಕರೆ ಇರುವುದೇ ಕೊನೆಗೆ ಬರುತ್ತದೆ.

ಇದು ಸುಮ್ನೆ ಪುಸ್ತಕದ ವ್ಯತ್ಯಾಸ ಅಲ್ಲ. ಬಂಗಾಳ ಮತ್ತು ಈಶಾನ್ಯ ರಾಜ್ಯಗಳ ಕಡೆ ಹಿಮೋಗ್ಲೋಬಿನ್ ಇ ಎಂಬ ಬೇರೆ ರೂಪ ಇರುವವರು ಬಹಳ. ಅದರ ಚಾರ್ಜೇ ಬೇರೆ. ಅಯಾನ್ ಎಕ್ಸ್‌ಚೇಂಜ್‌ನಲ್ಲಿ ಅದರ ಪೀಕ್ ಬೇರೆ ಕಡೆ ಬರುತ್ತದೆ, ಕೆಲವು ಯಂತ್ರಗಳಲ್ಲಿ ಅಂಕಿಯನ್ನೇ ಏರುಪೇರು ಮಾಡುತ್ತದೆ. ಬೋರೊನೇಟ್‌ಗೆ ಈ ತೊಂದರೆ ಕಡಿಮೆ. ನಿಮ್ಮ ತಂದೆಯವರ ರಿಪೋರ್ಟ್‌ನಲ್ಲಿ 'ವೇರಿಯಂಟ್' (ಹಿಮೋಗ್ಲೋಬಿನ್‌ನ ಇಂಥ ಬೇರೆ ರೂಪ) ಎಂಬ ಷರಾ ಇದ್ದರೆ, ಯಾವ ಕಾಲಂ ಬಳಸಿದ್ದು ಎಂದು ಲ್ಯಾಬ್‌ನವರನ್ನೇ ಕೇಳಿ, ಡಾಕ್ಟರಿಗೂ ತಿಳಿಸಿ.