ಕೆನಡಾದ ಚರ್ಚಿಲ್ ಊರಿನಿಂದ ವಿನ್ನಿಪೆಗ್ ಎಷ್ಟು ದೂರ? ಕಾರಿನಲ್ಲಿ ಹೋಗಬಹುದೇ?

ಕಾರಿನಲ್ಲಿ ಆಗುವುದಿಲ್ಲ. ಹಡ್ಸನ್ ಕೊಲ್ಲಿಯ ದಡದಲ್ಲಿರುವ ಚರ್ಚಿಲ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. ದೂರ ಎಷ್ಟೆಂಬುದು ನೀವು ಹೇಗೆ ಹೋಗುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ವಿಮಾನದಲ್ಲಾದರೆ ಸುಮಾರು 1,000 ಕಿ.ಮೀ., ಎರಡೂವರೆ ಗಂಟೆಯೊಳಗಿನ ಮಾತು. ಟಿಕೆಟ್ ಮಾತ್ರ ದುಬಾರಿ.

ರೈಲಿನಲ್ಲಿ ಅದೇ ದೂರ ಸುಮಾರು 1,700 ಕಿ.ಮೀ. ಆಗುತ್ತದೆ! ಹಳಿ ನೇರ ಉತ್ತರಕ್ಕೆ ಹೋಗದೆ ಪಶ್ಚಿಮಕ್ಕೆ ಸುತ್ತಿ, ಪಕ್ಕದ ಸಸ್ಕಾಚೆವಾನ್ ಪ್ರಾಂತ್ಯಕ್ಕೂ ಕಾಲಿಟ್ಟು, ದ ಪಾಸ್, ಥಾಂಪ್ಸನ್ ಎಂಬ ಊರುಗಳ ಮೂಲಕ ಮೇಲೇರುತ್ತದೆ. ಪ್ರಯಾಣಕ್ಕೆ ಎರಡು ದಿನ ಬೇಕು. ಉತ್ತರದ ತುದಿಯಲ್ಲಿ ಹಳಿಯ ಕೆಳಗಿರುವುದು ಹೆಪ್ಪುಗಟ್ಟಿದ ನೆಲ. ಮೇಲ್ಪದರ ಕರಗಿದಾಗ ಹಳಿ ಅಲ್ಲಲ್ಲಿ ಕುಸಿಯುತ್ತದೆ, ಹಾಗಾಗಿ ರೈಲು ತೆವಳುತ್ತದೆ. ವೇಳಾಪಟ್ಟಿಯನ್ನು ಕಣ್ಣುಮುಚ್ಚಿ ನಂಬಿ ಮರುದಿನದ ವಿಮಾನ ಕಾಯ್ದಿರಿಸಬೇಡಿ. 2017ರ ಪ್ರವಾಹದಲ್ಲಿ ಹಳಿ ಕೊಚ್ಚಿಹೋಗಿ, ಒಂದೂವರೆ ವರ್ಷ ಊರಿಗೆ ರೈಲೇ ಬರಲಿಲ್ಲ. ಸಾವಿರದೊಳಗಿನ ಜನಸಂಖ್ಯೆಯ ಆ ಊರಿಗೆ ದಿನಸಿಯನ್ನೂ ವಿಮಾನದಲ್ಲಿ ತರಿಸಬೇಕಾಗಿ ಬೆಲೆ ಗಗನಕ್ಕೇರಿತ್ತು.

ನಡುವಿನ ದಾರಿಯೊಂದಿದೆ: ವಿನ್ನಿಪೆಗ್‌ನಿಂದ ಥಾಂಪ್ಸನ್‌ವರೆಗೆ ಸುಮಾರು 760 ಕಿ.ಮೀ. ಕಾರಿನಲ್ಲಿ ಹೋಗಿ, ಅಲ್ಲಿ ಗಾಡಿ ನಿಲ್ಲಿಸಿ ರೈಲು ಹತ್ತುವುದು. ರಾತ್ರಿ ಕಳೆದರೆ ಚರ್ಚಿಲ್. ಹಿಮಕರಡಿ ನೋಡಲು ಅಕ್ಟೋಬರ್-ನವೆಂಬರ್‌ನಲ್ಲಿ ಹೋಗುವವರಲ್ಲಿ ಖರ್ಚು ಉಳಿಸಬೇಕೆನ್ನುವವರಿಗೆ ನನ್ನ ಮತ ಇದಕ್ಕೇ. ರೈಲು ವಾರಕ್ಕೆ ಕೆಲವೇ ದಿನ ಓಡುತ್ತದೆ, ದಿನ ನೋಡಿಕೊಂಡೇ ಹೊರಡಿ.